ನೀಲಕ್ಕನ ಟೀಮು ಮತ್ತು ವಾಲುವ ಮೈದಾನ

ಈಗ ನಮ್ಮೂರಿನ ಆ ಮೈದಾನದ ಮೇಲೆ ಒಂದು ಕಲ್ಯಾಣ ಮಂಟಪ ಎದ್ದಿದೆ. ಮದುವೆಯ ಪಂಕ್ತಿ ಕೂತಾಗ ಒಮ್ಮೊಮ್ಮೆ ಸಾರಿನ ಬಕೆಟ್ಟು ಯಾರೂ ಮುಟ್ಟದೆ ತಾನಾಗಿಯೇ ಹೆಣ್ಣಿನ ಕಡೆಯವರತ್ತ ಸರಿಯುತ್ತದಂತೆ. ಆಗ ಊರಿನ ಹಳಬರು ಒಬ್ಬರ ಮುಖ ಒಬ್ಬರು ನೋಡಿ, ಹೆಣ್ಣಿನವರು ಎಷ್ಟು ಕೊಟ್ಟಿರಬಹುದು ಎಂದು ಕಣ್ಣಲ್ಲೇ ಕೇಳಿಕೊಂಡು, ಮತ್ತೆ ಎಲೆಗೆ ತಲೆ ಬಗ್ಗಿಸುತ್ತಾರೆ. ಹೊಸಬರು ನೆಲ ಹಾಕಿದ ಗೌಂಡಿಯನ್ನು ಬೈಯುತ್ತಾರೆ. ಪಾಪ, ಗೌಂಡಿಯದೇನೂ ತಪ್ಪಿಲ್ಲ. ಆ ನೆಲದ ಬುದ್ಧಿಯೇ ಹಾಗೆ. ಪ್ರಾಯವನ್ನೆಲ್ಲ ಅದರ ಮೇಲೆ ಗೋಲು ಕಾಯುವುದರಲ್ಲಿ ಕಳೆದವನು ನಾನು. ಅದರ ಗುಣಾವಗುಣ ನನಗೆ ಗೊತ್ತು.

ನಮ್ಮೂರಿನಲ್ಲಿ ಫುಟ್‌ಬಾಲ್ ಆಡುವವರಿಗೆ ಮಾಲೀಕರು ಪಗಾರ ಕೊಡುತ್ತಿದ್ದರು. ಆದರೆ ಅದಕ್ಕೊಂದು ಮಿತಿ ಇತ್ತು. ಒಂದು ಟೀಮಿನ ಹನ್ನೊಂದು ಮಂದಿಯ ಪಗಾರ ಸೇರಿಸಿದರೆ ಊರ ಶಾಲೆಯ ಹನ್ನೊಂದು ಮಂದಿ ಮಾಸ್ತರರ ಪಗಾರಕ್ಕಿಂತ ಹೆಚ್ಚಾಗಬಾರದು. ಹೆಚ್ಚಾದರೆ ಮೈದಾನ ವಾಲುತ್ತಿತ್ತು. ಯಾರು ಹೆಚ್ಚು ಕೊಟ್ಟಿದ್ದಾರೋ ಅವರ ಗೋಲಿನ ಕಡೆಗೇ ವಾಲುತ್ತಿತ್ತು. ಅರ್ಧ ಆಟ ಮುಗಿದು ಟೀಮುಗಳು ಬದಿ ಬದಲಿಸಿದರೆ ಮೈದಾನವೂ ಮಗ್ಗುಲು ಬದಲಿಸುತ್ತಿತ್ತು. ಅಷ್ಟು ಶಿಸ್ತು ಅದಕ್ಕೆ. ಈ ಕಟ್ಟಳೆ ಯಾರು ಮಾಡಿದರು, ಯಾವಾಗ ಮಾಡಿದರು ಎಂದು ನನ್ನನ್ನು ಕೇಳಬೇಡಿ. ನಮ್ಮಲ್ಲಿ ಯಾರೂ ಕೇಳಿದವರಲ್ಲ. ಮಳೆಗಾಲಕ್ಕೆ ಕೊಡೆ ಹಿಡಿಯುವ ಹಾಗೆ ನಾವು ಅದಕ್ಕೆ ಹೊಂದಿಕೊಂಡಿದ್ದೆವು. ಆಟ ಶುರುವಾಗುವ ಮುಂಚೆ ರೆಫರಿ ಮೈದಾನದ ನಟ್ಟನಡುವೆ ಒಂದು ನಿಂಬೆಹಣ್ಣು ಇಡುತ್ತಿದ್ದರು. ಅದು ಇದ್ದಲ್ಲೇ ಇದ್ದರೆ ಸರಿ. ಉರುಳಿದರೆ ಊರಿಗೆ ಊರೇ ಎದ್ದು ನಿಂತು, ಯಾವ ಕಡೆಗೆ ಹೊರಟಿತೆಂದು ನೋಡುತ್ತಿತ್ತು. ಆಟ ಮಾತ್ರ ನಿಲ್ಲುತ್ತಿರಲಿಲ್ಲ. ಇಳಿಜಾರಿನಲ್ಲಿ ಆಡುವುದು ತಪ್ಪು ಮಾಡಿದವರ ಹಣೆಬರಹ.

ನಮ್ಮಪ್ಪ ಮಾಸ್ತರರಾಗಿದ್ದರು. ಜೀವಮಾನವೆಲ್ಲ ಮಗ್ಗಿ ಬಾಯಿಪಾಠ ಮಾಡಿಸಿದ ಅವರಿಗೂ, ಎರಡು ಕಂಬಗಳ ನಡುವೆ ಮಂಗನ ಹಾಗೆ ಜಿಗಿಯುವ ನನಗೂ ಒಂದೇ ಪಗಾರ. ಇದು ಅವರ ಹೊಟ್ಟೆಯೊಳಗೆ ಉಳಿದ ಮುಳ್ಳು. ಆದರೂ ಮಾಸ್ತರರಿಗೆ ನಮ್ಮೂರಿನಲ್ಲಿದ್ದ ಮರ್ಯಾದೆ ಬೇರೆಲ್ಲೂ ನಾನು ಕಂಡಿಲ್ಲ. ಅವರ ಪಗಾರ ಏರಿದರೆ ಆಟಗಾರರ ಮಿತಿಯೂ ಏರುತ್ತಿತ್ತಲ್ಲ! ಒಂದು ಸಲ ಮಾಸ್ತರರು ಮುಷ್ಕರ ಹೂಡಿದಾಗ, ಹಂಚಿನ ಕಾರ್ಖಾನೆಯ ಗುರುಪಾದಪ್ಪ ಧಣಿ ತಾನೇ ಬಾವುಟ ಹಿಡಿದು ಕಚೇರಿಯ ಮುಂದೆ ಚಾಪೆ ಹಾಸಿ ಕೂತಿದ್ದ. ಮಾಸ್ತರರು ಸಂಜೆಗೆ ಎದ್ದು ಮನೆಗೆ ಹೋದರೂ ಧಣಿ ಏಳಲಿಲ್ಲ.

ಊರಿನಲ್ಲಿ ಲೆಕ್ಕಕ್ಕೆ ಸಿಗುವ ಟೀಮು ಎರಡೇ. ಗುರುಪಾದಪ್ಪನ ಹಂಚಿನವರು ಒಂದು, ಐಸ್ ಫ್ಯಾಕ್ಟರಿಯ ನಾವು ಇನ್ನೊಂದು. ಮಿತಿಯನ್ನು ದಾಟದೆ ಒಳ್ಳೆಯ ಆಟಗಾರನನ್ನು ಕಟ್ಟಿಹಾಕುವುದು ಹೇಗೆ ಎನ್ನುವುದೇ ಮಾಲೀಕರ ತಲೆನೋವು. ಗುರುಪಾದಪ್ಪ ಮಾಡದ ಕಸರತ್ತಿಲ್ಲ. ಒಂದು ವರ್ಷ ತನ್ನ ಸೆಂಟರ್ ಫಾರ್ವರ್ಡನ ಮುದಿ ಆಡನ್ನು ಜೋಡೆತ್ತಿನ ಬೆಲೆಗೆ ಕೊಂಡ. ನಿಂಬೆಹಣ್ಣು ಸರಸರನೆ ಅವನ ಗೋಲಿನತ್ತ ಓಡಿತು. ಟೀಮು ಸೋತಿತು, ಆಡು ಧಣಿಯ ಹಿತ್ತಲಿನಲ್ಲೇ ಉಳಿದು ಅವನ ಹೆಂಡತಿಯ ಮಲ್ಲಿಗೆ ಬಳ್ಳಿಯನ್ನು ಬುಡಸಮೇತ ಮೇಯಿತು. ಇನ್ನೊಂದು ವರ್ಷ ಒಬ್ಬ ಆಟಗಾರನ ಮಾವನಿಗೆ ಗೇಟಿಲ್ಲದ ಕಡೆ ಗೇಟು ಕಾಯುವ ಕೆಲಸ ಕೊಟ್ಟ. ಅದೂ ನೆಲಕ್ಕೆ ಗೊತ್ತಾಯಿತು. ಕೊನೆಗೆ ಸುಸ್ತಾಗಿ ಕೊಡುವ ಕೈಯನ್ನು ಕಟ್ಟಡ ಕಟ್ಟುವುದರತ್ತ ತಿರುಗಿಸಿದ. ಮೈದಾನದ ಮೇಲೆ, ಹುಲ್ಲಿನ ಮೇಲೆ, ಬಿಸಿನೀರಿನ ಬಚ್ಚಲಿನ ಮೇಲೆ ಎಷ್ಟು ಸುರಿದರೂ ನೆಲ ಕಿಮಕ್ ಅನ್ನುತ್ತಿರಲಿಲ್ಲ. ಹಾಗಾಗಿ ನಮ್ಮಂಥ ಸಣ್ಣ ಊರಿಗೆ ಬೇಡವೇ ಬೇಡವಾಗಿದ್ದ ಒಂದು ಭರ್ಜರಿ ಗ್ಯಾಲರಿ ಎದ್ದಿತು, ಮೇಲೆ ಮಂಗಳೂರು ಹಂಚು, ಅಂಚಿಗೆ ಮರದ ಕೆತ್ತನೆ. ಬ್ಯಾಂಡಿನವರಿಗೆ ಬೇರೆ ಕಟ್ಟೆ. ಅದರಲ್ಲಿ ಕೂತು ಆಟ ನೋಡಿದ ಸುಖವನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಕೊಟ್ಟದ್ದನ್ನು ಎತ್ತಿ ಆಡಿದರೂ ಆ ನೆಲ ಸಹಿಸುತ್ತಿರಲಿಲ್ಲ. ಹಬ್ಬಕ್ಕೆಂದು ಕೊಟ್ಟ ಒಂದು ಧೋತರವನ್ನು ಮಾಲೀಕ ಆಟದ ದಿನ ನೆನಪಿಸಿದನೋ, ಮುಗಿಯಿತು. ಧೋತರ ಪಗಾರವಾಗಿ ಬಿಡುತ್ತಿತ್ತು, ನಿಂಬೆಹಣ್ಣು ಹೊರಟುಬಿಡುತ್ತಿತ್ತು. ಅದಕ್ಕೇ ಮ್ಯಾಚಿನ ದಿನ ಮಾಲೀಕರು ಮಾತಾಡುವಂತಿರಲಿಲ್ಲ. ಗುರುಪಾದಪ್ಪ ಬೆಳಗ್ಗೆಯೇ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಆಟ ಮುಗಿಯುವ ತನಕ ಹೂಂ, ಉಹೂಂ ಎರಡರಲ್ಲೇ ಕಾಲ ಹಾಕುತ್ತಿದ್ದ. ನಮ್ಮ ಮಾಲೀಕಳು ನೀಲಗಂಗವ್ವ. ಅವಳು ಬಾಯಲ್ಲಿ ಐಸಿನ ಚೂರು ಇಟ್ಟುಕೊಳ್ಳುತ್ತಿದ್ದಳು. ಒಂದು ಕರಗಿದರೆ ಇನ್ನೊಂದು. ಚಳಿಗಾಲದ ಮ್ಯಾಚಿನಲ್ಲಿ ಅವಳ ತುಟಿ ನೀಲಿಯಾಗಿರುತ್ತಿತ್ತು.

ನಾವೆಲ್ಲ ಅವಳನ್ನು ನೀಲಕ್ಕ ಅನ್ನುತ್ತಿದ್ದೆವು. ಟೀಮು ಕಟ್ಟಿದವನು ಅವಳ ಗಂಡ ಮುರಿಗೆಪ್ಪ. ಫೈನಲ್ ಗೆದ್ದವರಿಗೆ ಹಿತ್ತಾಳೆಯ ದೊಡ್ಡ ಶೀಲ್ಡು ಕೊಡುತ್ತಿದ್ದರು. ಅದನ್ನು ತೂಗುಹಾಕಲೆಂದು ಆತ ಪಡಸಾಲೆಯ ಗೋಡೆಗೆ ತಾನೇ ಒಂದು ಮೊಳೆ ಹೊಡೆದಿದ್ದ. ಶೀಲ್ಡು ಬರುವ ಮುಂಚೆ ಆತನೇ ಹೋಗಿಬಿಟ್ಟ. ಮೊಳೆಯ ಪಕ್ಕ ಆತನ ಫೋಟೋ ಬಂತು, ಮೊಳೆ ಖಾಲಿಯೇ ಉಳಿಯಿತು. ಮಕ್ಕಳಿಲ್ಲದ ನೀಲಕ್ಕ ಐಸ್ ಫ್ಯಾಕ್ಟರಿಯನ್ನೂ ನಮ್ಮನ್ನೂ ಒಟ್ಟಿಗೇ ಹೆಗಲಿಗೆ ಏರಿಸಿಕೊಂಡಳು. ಕೈ ಧಾರಾಳ, ನಾಲಿಗೆ ಹರಿತ. ಬೈಯಲು ಶುರು ಮಾಡಿದರೆ ಎದುರಿದ್ದವನ ಅಜ್ಜನ ತನಕ ಹೋಗಿ ಬರುತ್ತಿದ್ದಳು. ಆದರೆ ಬೈದವಳೇ ಐದು ನಿಮಿಷಕ್ಕೆ ಚಹಾ ಕಳಿಸುತ್ತಿದ್ದಳು.

ಅವಳೂ ಮೊದಮೊದಲು ಮಿತಿಯ ಜತೆ ಗುದ್ದಾಡಿದಳು. ಒಂದು ಭಾನುವಾರ ಆಡುವ ಹನ್ನೊಂದು ಮಂದಿಯನ್ನು ಮನೆಗೆ ಕರೆದು ಹೂರಣದ ಹೋಳಿಗೆ, ಕಟ್ಟಿನ ಸಾರು ಮಾಡಿ ಬಡಿಸಿದಳು. ಸಂಜೆ ಮೈದಾನದಲ್ಲಿ ನಿಂಬೆಹಣ್ಣು ಅಲ್ಲಾಡಿತು. ಜಾಸ್ತಿ ಇಲ್ಲ, ಒಂದು ಹೋಳಿಗೆಯಷ್ಟು. ನೀಲಕ್ಕನಿಗೆ ಮೈಯೆಲ್ಲ ಉರಿದು ಹೋಯಿತು. "ಉಣ್ಣಾಕ ಹಾಕಿದ್ದೂ ಪಗಾರ ಏನು? ಹಂಗಾರ ಊರ ಮಂದಿಗೆಲ್ಲಾ ಹಾಕತೀನಿ, ಅದೇನ್ ಮಾಡತೈತಿ ನೋಡೇಬಿಡೂಣು" ಅಂದಳು. ಮುಂದಿನ ಭಾನುವಾರ ಟೀಮಿನಿಂದ ಕೈಬಿಟ್ಟವರು, ಕಾಲು ಮುರಿದು ಕೂತವರು, ಅವಳ ಗಂಡನ ಕಾಲದ ಹಲ್ಲಿಲ್ಲದ ಆಟಗಾರರು, ಬ್ಯಾಂಡಿನವರು ಎಲ್ಲರೂ ಪಂಕ್ತಿಯಲ್ಲಿದ್ದರು. ಹಂಚಿನವರ ಇಬ್ಬರು ಆಟಗಾರರು ವಾಸನೆ ಹಿಡಿದು ಬಂದರು, ಅವರಿಗೂ ಹಾಕಿದಳು. ಅಂದು ನಿಂಬೆಹಣ್ಣು ಕಿಮಕ್ ಅನ್ನಲಿಲ್ಲ. ಹಟಕ್ಕೆ ಶುರುವಾದ ಊಟ ವಾರವಾರವೂ ನಡೆಯತೊಡಗಿತು. ಅವಳ ಓಣಿಯಲ್ಲಿ ಒಂದು ಕೆಂಚ ನಾಯಿ ಇತ್ತು, ಚಪ್ಪಲಿ ಕಂಡರೆ ಎತ್ತಿಕೊಂಡು ಹೋಗುತ್ತಿತ್ತು. ಹಾಗಾಗಿ ಬಾಗಿಲಿಗೆ ಯಾರೇ ಬರಲಿ, ನೀಲಕ್ಕನ ಮೊದಲ ಮಾತು ಒಂದೇ: "ಚಪ್ಲಿ ಒಳಗ ಬಿಡ್ರೋ, ನಾಯಿ ಒಯ್ತೈತಿ."

ಯಮನೂರಿ ನಮ್ಮ ಟೀಮಿಗೆ ಬಂದದ್ದು ಆಮೇಲೆ. ಕಲ್ಲಿನ ಗಣಿಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ ಹುಡುಗ. ಮಾತು ಕಡಿಮೆ. ಬಾಲು ಕಾಲಿಗೆ ಸಿಕ್ಕಿತೆಂದರೆ ಅವನ ಮುಖದ ಮೇಲೆ ಒಂದು ನಗು ಬರುತ್ತಿತ್ತು, ಆ ನಗು ಕಂಡರೆ ಎದುರಿನ ಗೋಲ್‌ಕೀಪರನ ಕೈಕಾಲು ತಣ್ಣಗಾಗುತ್ತಿದ್ದವು. ಅಭ್ಯಾಸದಲ್ಲಿ ನನ್ನ ಗೋಲಿಗೆ ಅವನು ಹೊಡೆದ ಬಾಲುಗಳಲ್ಲಿ ಅರ್ಧಕ್ಕರ್ಧ ನನಗೆ ಕಾಣಿಸಿದ್ದು ಬಲೆಯೊಳಗೆ ಬಿದ್ದ ಮೇಲೆ. ಅವನಿಗೆ ಎರಡು ಪಾಲು ಪಗಾರ ಕೊಟ್ಟು ನಮ್ಮ ಮಿತಿ ಅಂಚಿಗೆ ಬಂದು ನಿಂತಿತು. ಇನ್ನು ಒಂದು ಬೀಡಿ ಕಟ್ಟು ಕೊಟ್ಟರೂ ನೆಲ ವಾಲುವ ಸ್ಥಿತಿ.

ಆ ವರ್ಷವೇ ಯಮನೂರಿಯ ಹೆಂಡತಿ ದುರ್ಗವ್ವ ಬಸುರಿಯಾದಳು. ತಾಯಿ ಇಲ್ಲದ, ತವರಿಲ್ಲದ ಹುಡುಗಿ. ದಿನ ತುಂಬುವ ಮುಂಚೆ ನೀಲಕ್ಕ ಜಟಕಾ ತೆಗೆದುಕೊಂಡು ಗಣಿಯ ಹತ್ತಿರದ ಅವರ ತಗಡಿನ ಮನೆಗೆ ಹೋದವಳೇ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದಳು. ನಮ್ಮ ಕ್ಯಾಪ್ಟನ್ ದೌಲತ್‌ಸಾಬ ಗಾಬರಿಯಾದ. ಅಂಜುತ್ತಂಜುತ್ತಲೇ ಹೇಳಿದ: "ಅಕ್ಕಾರ, ಬಾಣಂತನ ಅಂದ್ರ ಸಣ್ಣ ಖರ್ಚಲ್ರಿ. ಲಿಂಬಿಹಣ್ಣು ಉರುಳಿದ್ರ ಹೆಂಗ್ರಿ?"

"ಉರುಳಲಿ" ಅಂದಳು ನೀಲಕ್ಕ. "ಬಾಣಂತಿಗೆ ಖಾರ ಕೊಡೂದು ಬಿಟ್ಟು ನಿನ್ನ ಲಿಂಬಿಹಣ್ಣು ಕಾಯಲೇನು?"

ಹೆಣ್ಣು ಕೂಸು ಹುಟ್ಟಿತು. ಇಡೀ ಊರು ಉಸಿರು ಬಿಗಿಹಿಡಿದು ಮುಂದಿನ ಮ್ಯಾಚಿಗೆ ಬಂತು. ರೆಫರಿ ನಿಂಬೆಹಣ್ಣು ಇಟ್ಟರು. ಅದು ಇಟ್ಟಲ್ಲೇ ಕೂತಿತು. ಗುರುಪಾದಪ್ಪ ಗ್ಯಾಲರಿಯಿಂದ ಇಳಿದು ಬಂದು ಬಗ್ಗಿ ನೋಡಿದ, ಹಣ್ಣನ್ನು ನೆಲಕ್ಕೆ ಯಾರಾದರೂ ಅಂಟಿಸಿದ್ದಾರೋ ಎಂದು. ನಾನು ಬಾಣಂತಿಯ ಕೋಣೆಯ ಬಾಗಿಲಿಗೆ ಐಸಿನ ಗಾಡಿಯವನ ಜತೆ ಕಟ್ಟಿಗೆ ಹಾಕಲು ಹೋದಾಗಲೆಲ್ಲ ನೀಲಕ್ಕ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿರುತ್ತಿದ್ದಳು. ಎಣ್ಣೆ ಹಚ್ಚಿದ ಕೂಸು ಕಿರಿಚುತ್ತಿತ್ತು, ಅವಳು ನಗುತ್ತಿದ್ದಳು. ಅಷ್ಟು ಮೆತ್ತಗಿನ ನೀಲಕ್ಕನನ್ನು ನಾವು ಕಂಡದ್ದೇ ಇಲ್ಲ. ಹಂಡೆಯ ಹೊಗೆ, ಸಾಂಬ್ರಾಣಿ, ಆ ಮನೆಯ ತುಂಬ ಹಸಿ ಕೂಸಿನ ವಾಸನೆ. ಅಂಥ ದಿನಗಳು ಮತ್ತೆ ಬರಲಿಲ್ಲ.

ಆ ಸಲ ನಾವು ಎದುರಿಗೆ ಬಂದವರನ್ನೆಲ್ಲ ಗುಡಿಸಿ ಹಾಕುತ್ತಾ ಫೈನಲ್ಲಿಗೆ ಬಂದೆವು. ಎದುರಾಳಿ ಹಂಚಿನವರೇ. ನೀಲಕ್ಕ ಮೊಳೆಯ ಮೇಲಿನ ಜೇಡ ಬಲೆ ತೆಗೆಸಿ, ಗೋಡೆಗೆ ಸುಣ್ಣ ಹೊಡೆಸಿದಳು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ಶೀಲ್ಡು ಅವಳಿಗೆ ಎಷ್ಟು ಬೇಕಾಗಿತ್ತೆಂಬುದು ನಮಗೆಲ್ಲ ಗೊತ್ತಿತ್ತು. ಯಮನೂರಿ ಇದ್ದರೆ ಶೀಲ್ಡು ಬಂದ ಹಾಗೆಯೇ ಅಂತಲೂ ಗೊತ್ತಿತ್ತು.

ಫೈನಲ್ಲಿನ ಬೆಳಗ್ಗೆ ನಾವೆಲ್ಲ ಅವಳ ಅಂಗಳದಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದೆವು. ನೀಲಕ್ಕ ಬಾಯಲ್ಲಿ ಐಸು ಇಟ್ಟುಕೊಂಡು ಕೈಸನ್ನೆಯಲ್ಲೇ ಬಡಿಸಲು ಹೇಳುತ್ತಿದ್ದಳು. ಹಾಲು ಹಾಕುವ ಶಿವವ್ವ ಬಂದಳು. ಅವಳ ಹಾಲಿನಲ್ಲಿ ನೀರಿರುತ್ತಿತ್ತು, ಸುದ್ದಿಯಲ್ಲಿ ಮಾತ್ರ ಒಂದು ಹನಿಯೂ ಇರುತ್ತಿರಲಿಲ್ಲ. "ಹೌದೇನ್ರಿ ಅಕ್ಕಾರ, ಯಮನೂರಿ ಪ್ಯಾಟಿ ಟೀಮಿಗೆ ಹೊಂಟಾನಂತ? ಸ್ಟೇಷನ್ ಹೋಟೆಲಿನ್ಯಾಗ ನಿನ್ನೆ ಕೋಟ ಹಾಕ್ಕೊಂಡಾಂವ ಒಬ್ಬ ಇವನ ಕೂಡ ಚಾ ಕುಡದನಂತ. ಅಲ್ಲಿ ಮೈದಾನ ವಾಲೂದಿಲ್ಲಂತ, ಎಷ್ಟು ಬೇಕಾದ್ರೂ ಪಗಾರ ಕೊಡತಾರಂತ."

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಯಮನೂರಿ ತಲೆ ಎತ್ತಲಿಲ್ಲ. ಎತ್ತದೇ ಇದ್ದದ್ದೇ ಉತ್ತರವಾಯಿತು. ನೀಲಕ್ಕನ ಮುಖ ಕೆಂಪಗಾಯಿತು, ಆಮೇಲೆ ಬೆಳ್ಳಗಾಯಿತು. ದೌಲತ್‌ಸಾಬ "ಅಕ್ಕಾರ, ಬ್ಯಾಡ್ರಿ" ಎಂದು ಏಳುವಷ್ಟರಲ್ಲಿ ಅವಳು ಬಾಯಲ್ಲಿದ್ದ ಐಸಿನ ಚೂರನ್ನು ಅಂಗಳಕ್ಕೆ ಉಗುಳಿದಳು.

"ನಿನ್ನ ಹೇಣ್ತಿ ಬಾಣಂತನ ಮಾಡೀನಿ. ನಿನ್ನ ಕೂಸಿನ ಉಚ್ಚಿ ಅರಬಿ ಈ ಕೈಲೆ ಹಿಂಡೀನಿ. ನಿದ್ದಿಗೆಟ್ಟು ಆಕಿಗೆ ಕಾಸಿ ಕಾಸಿ ಕುಡಿಸೀನಿ. ಇಷ್ಟು ಮಾಡಿದ್ದಕ್ಕ ಇದೇನೋ ನಿನ್ನ ನಿಯತ್ತು?"

ಒಳಗಿನಿಂದ ದುರ್ಗವ್ವ ಕೂಸನ್ನು ಎದೆಗೊತ್ತಿಕೊಂಡು ಹೊಸ್ತಿಲ ತನಕ ಬಂದವಳು ಅಲ್ಲೇ ನಿಂತಳು. ತಾನು ಏನು ಅಂದೆನೆಂದು ನೀಲಕ್ಕನಿಗೆ ಆಗ ಗೊತ್ತಾಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿಕೊಂಡರೇನು ಬಂತು? ಯಮನೂರಿ ತಟ್ಟೆ ಬದಿಗಿಟ್ಟು ಕೈ ತೊಳೆದು ಮೈದಾನದ ದಾರಿ ಹಿಡಿದ.

ಸಂಜೆ ಗ್ಯಾಲರಿ ತುಂಬಿ ಮರದ ಮೇಲೆಲ್ಲ ಮಂದಿ ಕೂತಿದ್ದರು. ನಿಂಬೆಹಣ್ಣು ರೆಫರಿಯ ಕೈ ಬಿಟ್ಟಿದ್ದೇ ತಡ, ಗಾಡಿ ತಪ್ಪುತ್ತದೇನೋ ಎನ್ನುವ ಹಾಗೆ ಓಡಿ ಬಂದು ನನ್ನ ಗೋಲಿನೊಳಗೇ ಸೇರಿತು. ಅಷ್ಟು ವಾಲಿದ ಮೈದಾನವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ನಮ್ಮವರು ಏರು ಹತ್ತಿ ಹತ್ತಿ ಏದುಸಿರು ಬಿಡುತ್ತಿದ್ದರು. ಹಂಚಿನವರು ಸುಮ್ಮನೆ ಕಾಲು ತಾಗಿಸಿದರೆ ಸಾಕು, ಬಾಲು ಬಂಡೆಯ ಹಾಗೆ ಉರುಳಿಕೊಂಡು ಬರುತ್ತಿತ್ತು. ನಾನು ಕೈಲಾದಷ್ಟು ಹಿಡಿದೆ. ಎದೆಯಿಂದ ತಡೆದೆ, ಮುಖದಿಂದಲೂ ತಡೆದೆ. ಆದರೂ ಅರ್ಧ ಆಟ ಮುಗಿಯುವಷ್ಟರಲ್ಲಿ ಮೂರು ಗೋಲು ಒಳಗೆ ಬಿದ್ದಿದ್ದವು. ಯಮನೂರಿಯ ಮುಖದ ಮೇಲೆ ಆ ನಗು ಒಮ್ಮೆಯೂ ಬರಲಿಲ್ಲ.

ವಿರಾಮದಲ್ಲಿ ಅವನು ಎಲ್ಲರಿಂದ ದೂರ, ಗೆರೆಯ ಆಚೆ ಹೋಗಿ ಕೂತ. ಎಂದೂ ಗ್ಯಾಲರಿ ಇಳಿದು ಮೈದಾನಕ್ಕೆ ಕಾಲಿಡದ ನೀಲಕ್ಕ ಅಂದು ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ನಡೆದು ಬಂದಳು. ಅವನ ಮುಂದೆ ನಿಂತು, "ಯಮನೂರಿ, ನಾ ಅಂದದ್ದು ಮರತುಬಿಡು. ಸಿಟ್ಟಿನ್ಯಾಗ ಬಾಯಿ ಜಾರೇತಿ. ಏಳು, ಎದ್ದು ಆಡು" ಅಂದಳು. ರೆಫರಿ ಒಳ್ಳೆಯ ಮನುಷ್ಯ. ಮಾತು ವಾಪಸು ತೆಗೆದುಕೊಂಡಳಲ್ಲ ಎಂದು ನಿಂಬೆಹಣ್ಣನ್ನು ಮತ್ತೊಮ್ಮೆ ನಡುವೆ ಇಟ್ಟರು. ಬದಿ ಬದಲಾಗಿತ್ತು, ಹಣ್ಣೂ ಬದಿ ಬದಲಿಸಿ ನಮ್ಮ ಗೋಲಿಗೇ ಓಡಿತು. ಗ್ಯಾಲರಿಯಲ್ಲಿ ನಗುವಿನ ಅಲೆ ಎದ್ದಿತು. ಕ್ಷಮೆಯೊಳಗೂ ಶೀಲ್ಡು ಅಡಗಿದ್ದರೆ ಆ ನೆಲದ ಕಣ್ಣು ತಪ್ಪಿಸುವುದುಂಟೆ?

ಗುರುಪಾದಪ್ಪ ಎಲೆ ಅಡಿಕೆ ಉಗುಳಿ ಗ್ಯಾಲರಿಯಿಂದಲೇ ಕೂಗಿದ: "ನೀಲಗಂಗವ್ವಾರ, ಅವನ್ನ ಹೊರಗ ಕೂಡಸ್ರಿ. ಹೊರಗ ಕುಂತವನ ಪಗಾರ ನೆಲ ಹಿಡಿಯೂದಿಲ್ಲ. ಮೈದಾನ ಸಮ ಆಕೈತಿ." ಮೂರು ಗೋಲು ಮುಂದಿದ್ದವನಿಗೆ ಉದಾರ ಬುದ್ಧಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಾತು ಸರಿಯಾಗಿಯೇ ಇತ್ತು. ದೌಲತ್‌ಸಾಬ ತಲೆ ಆಡಿಸಿದ. ನಾನೂ ಆಡಿಸಿದೆ. ಯಮನೂರಿ ತಾನೇ ಬೂಟಿನ ಲಾಡಿ ಬಿಚ್ಚತೊಡಗಿ, "ನಾ ಕೂಡತೀನ್ರಿ ಅಕ್ಕಾರ" ಅಂದ.

ಅವನ ಅಂಗಿಯ ಹೆಗಲ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ ಇತ್ತು. ಬೆಳಗ್ಗೆ ಬರುವ ಮುಂಚೆ ಎತ್ತಿಕೊಂಡಿರಬೇಕು. ನೀಲಕ್ಕ ಆ ಕಲೆಯನ್ನು ನೋಡಿದಳು. ನೋಡಿದವಳೇ, ಸೀರೆಯ ಚಿಂತೆ ಬಿಟ್ಟು, ಅವನ ಪಕ್ಕ ಮಣ್ಣಿನಲ್ಲಿ ಕೂತಳು.

"ಮತ್ತ ಹಾಲು ಕಕ್ಕೇತೇನು?"

"ಹೌದ್ರಿ."

"ರಾತ್ರಿನೂ ಮಲಗಿಲ್ಲ ಅದು. ಹೊಟ್ಟಿ ಉಬ್ಬರಿಸಿತ್ತು. ಓಂಕಾಳಿನ ನೀರು ಕುಡಿಸೀನಿ, ನಸುಕಿನ್ಯಾಗ ಕಣ್ಣು ಮುಚ್ಚೇತಿ." ಸೆರಗಿನ ತುದಿಯಿಂದ ಅವನ ಹೆಗಲು ಒರೆಸಿದಳು. "ನೋಡು, ಪ್ಯಾಟಿ ನೀರು ಹೆಂಗಿರತೈತೋ ಏನೋ. ನೀ ಹೋದ್ರೂ ಈಗಲೇ ಅವರನ್ನ ಒಯ್ಯಬ್ಯಾಡ. ಮೊದಲ ನೀ ಹೋಗಿ ಮನಿ ಹಿಡಿ. ನಳ ಹತ್ರ ಇರಬೇಕು. ಬಿಸಿಲು ಬೀಳೂ ಮನಿ ನೋಡು, ಕೂಸಿನ ಅರಬಿ ಒಣಗಬೇಕಲ್ಲ."

"ಅಕ್ಕಾರ, ನಾ ಇನ್ನೂ ಅವರಿಗೆ ಹೂಂ ಅಂದಿಲ್ರಿ."

"ಅನ್ನೋ. ಯಾಕನ್ನೂದಿಲ್ಲ? ಹೆಣ್ಣುಕೂಸೈತಿ ನಿನಗ. ಕಲ್ಲ ಗಣಿ ತಗಡಿನ ಮನಿಯಾಗ ಅದನ್ನ ಬೆಳಸತೀಯೇನು? ನನಗ ಇದಕ್ಕಿಂತ ಹೆಚ್ಚು ಕೊಡಾಕ ಬರೂದಿಲ್ಲಲ್ಲೋ, ತಮ್ಮಾ." ಅವನ ಹೆಗಲಿನ ಕಲೆಯನ್ನು ಇನ್ನೊಮ್ಮೆ ಒರೆಸಿ ಹೇಳಿದಳು: "ದುರ್ಗಿ ಬಾಯಿ ಬಿಟ್ಟು ಹೇಳಾಕಿ ಅಲ್ಲ. ಆಕಿಗೆ ಇನ್ನೂ ಬಾಳ ಹೊತ್ತು ಕುಂಡ್ರಾಕ ಆಗೂದಿಲ್ಲ. ಬಸ್ಸಿನ್ಯಾಗ ಒಯ್ಯಬ್ಯಾಡ. ರೈಲಿನ್ಯಾಗ ಒಯ್ಯಿ, ಅಡ್ಡಾಗಾಕ ಜಾಗ ಸಿಗತೈತಿ."

ರೆಫರಿ ಸೀಟಿ ಊದಿದರು. ಅವಳಿಗೆ ಕೇಳಿಸಲಿಲ್ಲ. ಗ್ಯಾಲರಿ ಶಿಳ್ಳೆ ಹೊಡೆಯುತ್ತಿತ್ತು, ಬ್ಯಾಂಡು ಬಾರಿಸುತ್ತಿತ್ತು, ಯಾವುದೂ ಕೇಳಿಸಲಿಲ್ಲ. ಕೂಸಿಗೆ ಟೊಪ್ಪಿಗೆ ಕಟ್ಟದೆ ಕಿಟಕಿಯ ಹತ್ತಿರ ಕೂರಬಾರದು, ದಾರಿಯಲ್ಲಿ ಯಾರು ಕೊಟ್ಟರೂ ಹಾಲು ಕುಡಿಸಬಾರದು ಎಂದು ಒಂದೇ ಸಮನೆ ಹೇಳುತ್ತಲೇ ಇದ್ದಳು. ಯಮನೂರಿ ಮೊಣಕಾಲಿನ ನಡುವೆ ತಲೆ ಹುದುಗಿಸಿ ಅಳುತ್ತಿದ್ದ. ನನಗೂ ಕಣ್ಣು ತುಂಬಿ ಬಂದು ಎದುರಿನದು ಮಂಜು ಮಂಜಾಗಿತ್ತು. ಹಾಗಾಗಿ ಯಮನೂರಿಯನ್ನು ಇನ್ನೂ ಆಟದಿಂದ ತೆಗೆಯದೆಯೇ ರೆಫರಿ ನಿಂಬೆಹಣ್ಣನ್ನು ಇನ್ನೊಮ್ಮೆ ನಡುವೆ ಇಟ್ಟದ್ದು ನನಗೆ ಕಾಣಲಿಲ್ಲ. ಗ್ಯಾಲರಿ ಒಮ್ಮೆಲೇ ಸ್ತಬ್ಧವಾದಾಗ ಕಣ್ಣೊರೆಸಿಕೊಂಡು ನೋಡಿದೆ.

ಹಣ್ಣು ಇಟ್ಟಲ್ಲೇ ಕೂತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುರುಪಾದಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಕೂತ. ದೌಲತ್‌ಸಾಬ ಬಂದು ಯಮನೂರಿಯ ಬೂಟಿನ ಲಾಡಿಯನ್ನು ತಾನೇ ಕಟ್ಟಿ ಎಬ್ಬಿಸಿಕೊಂಡು ಹೋದ. ನೀಲಕ್ಕನಿಗೆ ಮಾತ್ರ ಏನಾಯಿತೆಂದು ತಿಳಿಯದೆ, "ಯಾಕೋ, ಎಲ್ಲಾರೂ ಯಾಕ ಹಿಂಗ ನೋಡಾಕತ್ತೀರಿ?" ಎಂದು ನನ್ನನ್ನು ಕೇಳಿದಳು.

ಶೀಲ್ಡು ನಮಗೆ ಬರಲಿಲ್ಲ. ಯಮನೂರಿ ಎರಡು ಗೋಲು ಹೊಡೆದ, ಮೂರನೆಯದು ಕಂಬಕ್ಕೆ ಬಡಿದು ಆಚೆ ಹೋಯಿತು. ಅಂಥ ಆಟವನ್ನು ನಾನು ಮತ್ತೆ ನೋಡಲಿಲ್ಲ. ಒಂದು ಗೋಲಿನಿಂದ ಸೋತು ಮನೆಗೆ ಬಂದಾಗ ನೀಲಕ್ಕ ಎಲ್ಲರಿಗೂ ಚಹಾ ಕೊಟ್ಟು, ಮೂರೂ ಗೋಲು ಬಿಟ್ಟದ್ದಕ್ಕೆ ನನ್ನ ಅಜ್ಜನ ತನಕ ಹೋಗಿ ಬಂದಳು. ಆಮೇಲೆ ಒಳಗೆ ಹೋಗಿ ಅತ್ತಳು. ಶೀಲ್ಡಿಗೆ ಅತ್ತಳೋ ಹೋಗುವವನಿಗೆ ಅತ್ತಳೋ ನಮಗ್ಯಾರಿಗೂ ಕೇಳುವ ಧೈರ್ಯವಾಗಲಿಲ್ಲ.

ಯಮನೂರಿ ಅದೇ ವಾರ ಪೇಟೆಗೆ ಹೋದ. ಮನೆ ಹಿಡಿದು, ಮಳೆ ನಿಂತ ಮೇಲೆ ಬಂದು, ಹೆಂಡತಿಯನ್ನೂ ಕೂಸನ್ನೂ ರೈಲಿನಲ್ಲಿ ಕರೆದುಕೊಂಡು ಹೋದ. ಗಡಿಬಿಡಿಯಲ್ಲಿ ಕೂಸಿನ ತಲೆಗೆ ಕಟ್ಟುವ ಕುಂಚಿಗೆಯೊಂದು ಇಲ್ಲೇ ಉಳಿಯಿತು. ಅದನ್ನು ನೀಲಕ್ಕ ಒಗೆದು ಒಣಗಿಸಿ ಗಂಡನ ಫೋಟೋದ ಪಕ್ಕದ ಮೊಳೆಗೆ ತೂಗುಹಾಕಿದಳು. ಶೀಲ್ಡಿಗೆಂದು ಹೊಡೆದ ಮೊಳೆಯ ಮೇಲೆ ಕೆಂಪು ಕುಂಚಿಗೆ. ಭಾನುವಾರ ಊಟಕ್ಕೆ ಕೂತಾಗ ಅದು ನಮ್ಮ ಕಣ್ಣೆದುರಿಗೇ ಇರುತ್ತಿತ್ತು.

ವರ್ಷಗಳು ಹೋದವು. ಪೇಟೆಯ ಟೀಮಿನಲ್ಲಿ ಯಮನೂರಿಯ ಹೆಸರು ಸ್ವಲ್ಪ ಕಾಲ ಕೇಳಿತು, ಆಮೇಲೆ ಕೇಳದಾಯಿತು. ಮೊಣಕಾಲು ಮುರಿಯಿತಂತೆ, ಟೀಮಿನವರು ಕ್ವಾರ್ಟರ್ಸು ಖಾಲಿ ಮಾಡಿಸಿದರಂತೆ ಎಂದು ಶಿವವ್ವ ಹಾಲಿನ ಜತೆ ತಂದು ಹಾಕಿದಳು. ನೀಲಕ್ಕ ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನನಗೂ ವಯಸ್ಸಾಗಿ ಗೋಲಿಗೆ ಬೇರೆ ಹುಡುಗ ಬಂದಿದ್ದ. ಆದರೂ ಭಾನುವಾರ ನನ್ನ ಜಾಗ ನನಗಿತ್ತು.

ಅಂಥದೇ ಒಂದು ಭಾನುವಾರ, ಆಟದ ಕಾಲ ಮುಗಿದ ಮೇಲೆ, ನಾವು ಪಂಕ್ತಿಯಲ್ಲಿ ಕೂತಿದ್ದೆವು. ನೀಲಕ್ಕ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಯಮನೂರಿ. ಕಂಕುಳಲ್ಲಿ ಕೋಲು, ಒಂದು ಕಾಲು ಎಳೆಯುತ್ತಿತ್ತು. ಹಿಂದೆ ದುರ್ಗವ್ವ ಗಂಟು ಹೊತ್ತು ನಿಂತಿದ್ದಳು. ಅವಳ ಸೆರಗು ಹಿಡಿದು ಎರಡು ಜಡೆಯ ಒಬ್ಬಳು ಹುಡುಗಿ. ಒಳಗೆ ಬರಬೇಕೋ ಬೇಡವೋ ಗೊತ್ತಾಗದೆ ಅವನು ಹೊಸ್ತಿಲ ಆಚೆಯೇ ನಿಂತ. ಇನ್ನು ಯಾವ ಟೀಮಿಗೂ ಬೇಡವಾದ ಆ ಕಾಲನ್ನು ಎಲ್ಲಿ ಇಡಬೇಕೆಂದೂ ಅವನಿಗೆ ತಿಳಿದಂತಿರಲಿಲ್ಲ.

ಅಂದು ಮ್ಯಾಚು ಇರಲಿಲ್ಲ. ನೀಲಕ್ಕನ ಬಾಯಲ್ಲಿ ಐಸಿನ ಚೂರು ಇರಲಿಲ್ಲ. ಅವಳು ಏನು ಬೇಕಾದರೂ ಅನ್ನಬಹುದಿತ್ತು. ಅವಳು ಗಿಂಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನು ನೋಡಿದಳು, ದುರ್ಗವ್ವನನ್ನು ನೋಡಿದಳು, ಆ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಿನ ಎಲೆಗೆ ತುಪ್ಪ ಹಾಕಲು ಬಗ್ಗುತ್ತಾ ಅಂದಳು:

"ಚಪ್ಲಿ ಒಳಗ ಬಿಡ್ರೋ, ನಾಯಿ ಒಯ್ತೈತಿ."